ಡಾಕ್ಟರನ್ನು ಕೇಳಿ: ಥೈರಾಯ್ಡ್ ಮಾತ್ರೆಯೂ ಐದು ಗಂಟೆಯ ಚಹಾವೂ

ಈ ಸಲದ ಟಪಾಲಿನಲ್ಲಿ ಥೈರಾಯ್ಡ್ ಪತ್ರಗಳೇ ಜಾಸ್ತಿ. ಮಳೆಗಾಲಕ್ಕೆ ಮುಂಚೆ ಅಲ್ಲಲ್ಲಿ ನಡೆದ ರಕ್ತ ತಪಾಸಣೆ ಶಿಬಿರಗಳ ಫಲ ಇರಬೇಕು. ಎಲ್ಲರ ಕೈಯಲ್ಲೂ ಒಂದು ರಿಪೋರ್ಟು, ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಅಂಕಿ. ಹಾಗಾಗಿ ಮೊಣಕಾಲು ನೋವು, ಗ್ಯಾಸು, ನಿದ್ದೆಯ ಪತ್ರಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಮೊಣಕಾಲಿನವರು ಸಿಟ್ಟಾಗಬೇಡಿ.

ಪ್ರ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 38 ವರ್ಷ, ತೂಕ 62 ಕಿಲೋ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ವಿಪರೀತ ಸುಸ್ತು, ಕೂದಲು ಉದುರುವುದು, ಮುಟ್ಟಿನಲ್ಲಿ ತುಂಬ ರಕ್ತ ಹೋಗುವುದು ಎಂದು ತೋರಿಸಿದಾಗ ಟಿಎಸ್‌ಎಚ್ 18 ಬಂತು. ಆಂಟಿ ಟಿಪಿಒ 600ಕ್ಕಿಂತ ಮೇಲೆ. ‘ಹಾಶಿಮೊಟೊ’ ಎಂದರು. 50 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ ಕೊಟ್ಟರು, ಆಮೇಲೆ 75, ಈಗ 100. ಆದರೂ ಟಿಎಸ್‌ಎಚ್ 9ರ ಕೆಳಗೆ ಇಳಿಯುತ್ತಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು ಚಹಾದ ಜೊತೆ ಮಾತ್ರೆ ನುಂಗುತ್ತೇನೆ. ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಮಾತ್ರೆಯೂ ಮರೆಯಬಾರದೆಂದು ಒಟ್ಟಿಗೇ ಆಗಿಬಿಡುತ್ತದೆ. ಆಮೇಲೆ ಡಬ್ಬಿ ಕಟ್ಟಿ ಲೋಕಲ್ ಹಿಡಿಯಬೇಕು. ಲೇಡೀಸ್ ಡಬ್ಬದಲ್ಲಿ ಒಬ್ಬರು ಕೋಸು ಬಿಡು ಅನ್ನುತ್ತಾರೆ, ಇನ್ನೊಬ್ಬರು ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಉಪ್ಪು ಹಾಕು ಅನ್ನುತ್ತಾರೆ, ಮತ್ತೊಬ್ಬರು ಚಪಾತಿಯೇ ವಿಷ ಅನ್ನುತ್ತಾರೆ. ನನ್ನ ಮೈಯೇ ನನ್ನ ಮೇಲೆ ಯುದ್ಧ ಮಾಡುತ್ತಿದೆ ಎಂದು ಮೊಬೈಲಿನಲ್ಲಿ ಓದಿ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉ: ಮೊದಲು ಆ ಹೆಸರಿನ ಹೆದರಿಕೆ ಬಿಡಿ. ಹಕಾರು ಹಾಶಿಮೊಟೊ ಜಪಾನಿನ ಫುಕುವೊಕಾದಲ್ಲಿದ್ದ ಒಬ್ಬ ಯುವ ಸರ್ಜನ್. ನಾಲ್ವರು ಹೆಂಗಸರಿಂದ ಆಪರೇಷನ್ ಮಾಡಿ ತೆಗೆದ ಥೈರಾಯ್ಡ್ ಗ್ರಂಥಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಒಳಗೆ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ತುಂಬಿಕೊಂಡಿದ್ದು ಕಂಡಿತು. 1912ರಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಬರೆದು ಪ್ರಕಟಿಸಿದರು. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಅವರು ಹುಟ್ಟೂರಿಗೆ ಹೋಗಿ ಅಲ್ಲಿಯ ಜನರಿಗೆ ಔಷಧಿ ಕೊಟ್ಟುಕೊಂಡಿದ್ದು, 1934ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. ಆ ಬಿಳಿ ಕಣಗಳಿಗೆ ಅಲ್ಲೇನು ಕೆಲಸ ಎನ್ನುವುದಕ್ಕೆ ಸುಳಿವು ಸಿಕ್ಕಿದ್ದು 1956ರಲ್ಲಿ. ಇಂಥ ರೋಗಿಗಳ ರಕ್ತದಲ್ಲಿ ಸ್ವಂತ ಥೈರಾಯ್ಡಿಗೇ ವಿರುದ್ಧವಾದ ಆಂಟಿಬಾಡಿಗಳು ಇರುವುದನ್ನು ಲಂಡನ್ನಿನ ಸಂಶೋಧಕರು ತೋರಿಸಿದರು. ನಿಮ್ಮ ರಿಪೋರ್ಟಿನ ಆಂಟಿ ಟಿಪಿಒ ಅಂಥದ್ದೇ ಒಂದು ಆಂಟಿಬಾಡಿ.

ರೋಗಾಣುಗಳನ್ನು ಹಿಡಿಯಬೇಕಾದ ಕಣಗಳು ಥೈರಾಯ್ಡನ್ನೇ ಹೊರಗಿನದು ಎಂದುಕೊಂಡು ನಿಧಾನಕ್ಕೆ ಹಾಳುಮಾಡುತ್ತವೆ. ವರ್ಷಗಟ್ಟಲೆ ಹಿಡಿಯುವ ಕೆಲಸ ಇದು. ನಿಮ್ಮ ಇಡೀ ಮೈಮೇಲೆ ಯಾರೂ ಯುದ್ಧ ಹೂಡಿಲ್ಲ, ಜಗಳ ಇರುವುದು ಕುತ್ತಿಗೆಯಲ್ಲಿರುವ ಈ ಒಂದು ಗ್ರಂಥಿಯ ಜೊತೆ. ಅದು ಮಾಡಬೇಕಾದ ಹಾರ್ಮೋನು, ಅಂದರೆ ಥೈರಾಕ್ಸಿನ್, ಮಾತ್ರೆಯ ರೂಪದಲ್ಲಿ ಸಿಗುತ್ತದೆ. ಬಾಟಲಿಯಲ್ಲಿರುವುದು ಗ್ರಂಥಿ ಮಾಡುತ್ತಿದ್ದ ಟಿ4 ಹಾರ್ಮೋನೇ, ಮೈ ಅದನ್ನು ಬೇಕಾದಲ್ಲಿ ಬೇಕಾದಷ್ಟು ಟಿ3 ಆಗಿ ಬದಲಾಯಿಸಿಕೊಳ್ಳುತ್ತದೆ. ಇಷ್ಟು ಸಲೀಸಾದ ಔಷಧಿ ಇರುವ ದೀರ್ಘಕಾಲದ ಕಾಯಿಲೆಗಳು ಕಡಿಮೆ.

ಈಗ ಅಂಕಿಗೆ ಬರೋಣ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ, ಮೆದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯಿಂದ ಬರುವುದು. ನಮ್ಮವರ ಹೋಟೆಲುಗಳಲ್ಲಿ ಒಳಗಿನಿಂದ ದೋಸೆ ತಡವಾದಷ್ಟೂ ಗಲ್ಲಾದ ಮೇಲೆ ಕೂತವರ ಕೂಗು ಜೋರಾಗುತ್ತದಲ್ಲ, ಟಿಎಸ್‌ಎಚ್ ಆ ಕೂಗು. ರಕ್ತದಲ್ಲಿ ಹಾರ್ಮೋನು ಕಡಿಮೆಯಾದರೆ ಅದು ಏರುತ್ತದೆ, ಸಾಕಷ್ಟಾದರೆ ಇಳಿಯುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ಸುಮಾರು 0.4ರಿಂದ 4ರ ಆಸುಪಾಸು ಸರಿ ಎಂದು ಲೆಕ್ಕ. ನಿಮ್ಮದು 9. ಅಂದರೆ ಹಾರ್ಮೋನು ಸಾಲುತ್ತಿಲ್ಲ.

ಯಾಕೆ ಸಾಲುತ್ತಿಲ್ಲ? ನೀವೇ ಪತ್ರದಲ್ಲಿ ಬರೆದಿದ್ದೀರಿ. ಥೈರಾಯ್ಡ್ ಪೂರ್ತಿ ಕೆಲಸ ನಿಲ್ಲಿಸಿದವರಿಗೂ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಸಾಕು. ನಿಮ್ಮ 62 ಕಿಲೋಗೆ ಹೆಚ್ಚುಕಡಿಮೆ 100 ಆಯಿತು. ಅಂದರೆ ಬಾಟಲಿಯ ಮೇಲಿನ ಅಂಕಿ ಸರಿ ಇದೆ, ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತಿಲ್ಲ. ಥೈರಾಕ್ಸಿನ್ ಹೀರಿಕೊಳ್ಳುವುದು ಸಣ್ಣ ಕರುಳು. ಕಬ್ಬಿಣದ ಮಾತ್ರೆ ಜೊತೆಗೇ ಹೋದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಹಾಗೇ ಹೊರಗೆ ಹೋಗುತ್ತವೆ. ಕ್ಯಾಲ್ಸಿಯಂ ಮಾತ್ರೆಯದೂ ಇದೇ ಕಥೆ. ಈ ಎರಡಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ 4 ಗಂಟೆ ಇರಬೇಕು. ಕಾಫಿ ಮಾತ್ರೆಯ ಬಲ ತಗ್ಗಿಸುತ್ತದೆ, ಹಾಲು ಹಾಕಿದ ಚಹಾವನ್ನೂ ನಾನು ನಂಬುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬಾಯಿಗೆ ಏನೂ ಹಾಕಬಾರದು.

‘ಡೊಂಬಿವಲಿಯವಳಿಗೆ ಬೆಳಿಗ್ಗೆ ಒಂದು ಗಂಟೆ ಎಲ್ಲಿಂದ ಬರಬೇಕು’ ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಸುಮ್ನೆ ‘ಖಾಲಿ ಹೊಟ್ಟೆಯಲ್ಲಿ’ ಎಂದು ಚೀಟಿಯಲ್ಲಿ ಬರೆದು ಕಳಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಸೆಂಟ್ರಲ್ ಲೈನಿನಲ್ಲಿ ಓಡಾಡುವ ಹೆಂಗಸಿನ ಬೆಳಗು ಹೇಗಿರುತ್ತದೆ ಎಂದು ಕೇಳದೆ ಈ ಔಷಧಿ ಕೊಡಲೇಬಾರದು. ನೀವು ಹೀಗೆ ಮಾಡಿ ನೋಡಿ. ಮಾತ್ರೆಯ ಬಾಟಲಿಯನ್ನು ಅಡುಗೆಮನೆಯಿಂದ ತಂದು ಹಾಸಿಗೆಯ ಪಕ್ಕ ಇಡಿ, ಜೊತೆಗೆ ಒಂದು ಲೋಟ ನೀರು ಮುಚ್ಚಿಡಿ. 5ಕ್ಕೆ ಅಲಾರಂ ನಿಲ್ಲಿಸಿದ ಕೈ ಮೊದಲು ಮಾತ್ರೆಗೆ ಹೋಗಲಿ. ಆಮೇಲೆ ಮುಖ ತೊಳೆದು, ನೀರು ಹಿಡಿದು, ಕುಕ್ಕರ್ ಇಟ್ಟು, ಡಬ್ಬಿ ಕಟ್ಟಿ ಮುಗಿಸಿ. ಚಹಾ ಮಾತ್ರ ಎಲ್ಲ ಕೆಲಸದ ಕೊನೆಗೆ. ಚಹಾ ಕುಡಿಯದೆ ಕೈಕಾಲು ಆಡುವುದಿಲ್ಲ ಎನ್ನುವವರಿದ್ದಾರೆ. ಅಂಥವರು ರಾತ್ರಿ ಮಲಗುವಾಗ ತಗೊಳ್ಳಬಹುದು, ಆದರೆ ಊಟವಾಗಿ 3 ಗಂಟೆ ಕಳೆದಿರಬೇಕು. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ ರಾತ್ರಿ ತಗೊಂಡವರ ಟಿಎಸ್‌ಎಚ್ ಬೆಳಿಗ್ಗೆ ತಗೊಂಡಾಗಿನದಕ್ಕಿಂತ ಚೆನ್ನಾಗಿ ಇಳಿಯಿತು. ನಿಮ್ಮ ಊಟವೇ ಒಂಬತ್ತೂವರೆಗೆ ಆಗುವುದಾದರೆ ಆ ದಾರಿ ಬೇಡ. ನಡುರಾತ್ರಿ ಅಥವಾ ನಸುಕಿನಲ್ಲಿ ಬಾತ್‌ರೂಮಿಗೆ ಏಳುವ ಅಭ್ಯಾಸ ಇದ್ದರೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಕಬ್ಬಿಣದ ಮಾತ್ರೆಯನ್ನು ಆಫೀಸಿನ ಡ್ರಾಯರಿಗೆ ಕಳಿಸಿಬಿಡಿ. ಮಧ್ಯಾಹ್ನ ತಗೊಳ್ಳಿ, ನಿಂಬೆ ನೀರಿನ ಜೊತೆಯಾದರೆ ಇನ್ನೂ ಒಳ್ಳೆಯದು. ಅದನ್ನೂ ಚಹಾದ ಜೊತೆ ಬೇಡ. ನಿಮ್ಮ ಸುಸ್ತಿನಲ್ಲಿ ಈ ಕಬ್ಬಿಣದ ಪಾಲು ದೊಡ್ಡದೇ ಇರಬಹುದು. ಥೈರಾಯ್ಡ್ ಕಡಿಮೆಯಾದಾಗ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತದೆ, ರಕ್ತ ಹೋದರೆ ಕಬ್ಬಿಣ ಹೋಗುತ್ತದೆ, ಕೂದಲು ಉದುರಲು ಅದೂ ಕಾರಣ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಮತ್ತು ಬಿ12 ಎರಡನ್ನೂ ಒಮ್ಮೆ ನೋಡಿಸಿ. ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟುವುದು ನಮ್ಮಲ್ಲಿ ಜಾಸ್ತಿ ಆಗಿದೆ.

ಹೊತ್ತು ಬದಲಿಸಿದ ಮೇಲೆ ಡೋಸ್ ಏರಿಸಬೇಡಿ, ಅದೇ 100 ಇರಲಿ. 6ರಿಂದ 8 ವಾರ ಬಿಟ್ಟು ರಕ್ತ ಕೊಡಿ. ಈ ಹಾರ್ಮೋನು ರಕ್ತದಲ್ಲಿ ಅರ್ಧವಾಗಲು ಸುಮಾರು 7 ದಿನ ಬೇಕು, ಅದು ಸ್ಥಿರವಾಗಿ ಪಿಟ್ಯೂಟರಿಗೆ ತಿಳಿಯುವಷ್ಟರಲ್ಲಿ ಒಂದೂವರೆ ತಿಂಗಳಾಗುತ್ತದೆ. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ರಕ್ತ ಕೊಡುವ ದಿನ ಮೊದಲು ರಕ್ತ, ಆಮೇಲೆ ಮಾತ್ರೆ. ಈ ನಡುವೆ ಎದೆ ಡವಡವ ಎನ್ನುವುದು, ಕೈ ನಡುಗುವುದು, ಸೆಕೆ ತಾಳಲಾರದಂತಾಗುವುದು ಕಂಡರೆ ಮಾತ್ರ ಕಾಯಬೇಡಿ. ಇಷ್ಟು ದಿನ ಸೇರದಿದ್ದ ಮಾತ್ರೆ ಈಗ ಪೂರ್ತಿ ಸೇರಿ ಸ್ವಲ್ಪ ಹೆಚ್ಚೇ ಆಗಿರಬಹುದು, ಡಾಕ್ಟರಿಗೆ ಹೇಳಿ. ಕೂದಲಿಗೆ ಮಾತ್ರ ತಾಳ್ಮೆ ಬೇಕು. ಟಿಎಸ್‌ಎಚ್ ಸರಿಯಾದ ಮೇಲೂ ಕೂದಲು ಸುಧಾರಿಸಲು ತಿಂಗಳುಗಳು ಹಿಡಿಯುತ್ತವೆ.

ಇನ್ನು ಲೇಡೀಸ್ ಡಬ್ಬದ ಸಲಹೆಗಳು. ಬೇಯಿಸಿದ ಕೋಸಿನ ಪಲ್ಯ ಧಾರಾಳವಾಗಿ ತಿನ್ನಿ, ದಿನಾ ಹಸಿ ಕೋಸಿನ ಜ್ಯೂಸ್ ಕುಡಿಯುವವರು ಮಾತ್ರ ಯೋಚಿಸಬೇಕು. ಚಪಾತಿ ವಿಷವಲ್ಲ. ಹಾಶಿಮೊಟೊ ಇರುವವರಲ್ಲಿ ಗೋಧಿ ಆಗದ ಸೀಲಿಯಾಕ್ ಕಾಯಿಲೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ನಿಜ. ಹೊಟ್ಟೆ ಯಾವಾಗಲೂ ಕೆಡುತ್ತಿದ್ದರೆ, ಕಬ್ಬಿಣ ಎಷ್ಟು ಕೊಟ್ಟರೂ ಏರದಿದ್ದರೆ ಅದರ ರಕ್ತಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಕಾಯಿಲೆ ಇದ್ದರೂ ಕಾಣಿಸುವುದಿಲ್ಲ. ಅದು ಇಲ್ಲದಿದ್ದರೆ ಮನೆಮಂದಿಗೆಲ್ಲ ಚಪಾತಿ ಲಟ್ಟಿಸಿ ನೀವೊಬ್ಬರೇ ಅಳುಮೋರೆ ಹಾಕಿಕೊಂಡು ಕೂರುವುದು ಬೇಡ.

ಉಪ್ಪಿನ ವಿಷಯ ಸ್ವಲ್ಪ ಗಂಭೀರ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ನಮ್ಮ ಅಯೋಡಿನ್ ಉಪ್ಪಿನಲ್ಲಿ ಮನೆಗೆ ಬರುವ ಹೊತ್ತಿಗೆ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬ ನಿಯಮ ಇದೆ. ಇದು ಅಗತ್ಯಕ್ಕೆ ತಕ್ಕಷ್ಟೇ, ಹಾಶಿಮೊಟೊ ಕೆರಳಿಸುವಷ್ಟು ಅಲ್ಲ. ಸೈಂಧವ ಉಪ್ಪಿಗೆ ಬದಲಾದರೆ ಇಡೀ ಮನೆಯ ಅಯೋಡಿನ್ ಹೋಗುತ್ತದೆ, ಮಕ್ಕಳದ್ದೂ ಸೇರಿ. ಆದರೆ ‘ಥೈರಾಯ್ಡ್ ಸಪೋರ್ಟ್’ ಎಂದು ಮಾರುವ ಸಮುದ್ರ ಪಾಚಿಯ ಮಾತ್ರೆಗಳಿವೆಯಲ್ಲ, ಅವುಗಳಲ್ಲಿ ಅಯೋಡಿನ್ ವಿಪರೀತ ಇರಬಹುದು. ಹಾಶಿಮೊಟೊ ಇರುವವರಿಗೆ ಅವು ನಿಜಕ್ಕೂ ಕೆಟ್ಟದ್ದು. ಬಂಗುಡೆ, ಬೂತಾಯಿ ತಿನ್ನುವವರು ತಿನ್ನಿ, ಅದಕ್ಕೇನೂ ಅಡ್ಡಿ ಇಲ್ಲ.

ಪ್ರ: ನನ್ನ ಹೆಂಡತಿಗೆ ಹಾಶಿಮೊಟೊ. ಮಾತ್ರೆ ತಗೊಳ್ಳುತ್ತಾಳೆ, ಟಿಎಸ್‌ಎಚ್ 2.1 ಇದೆ, ಆರಾಮಾಗಿದ್ದಾಳೆ. ಆದರೆ ಆಂಟಿ ಟಿಪಿಒ 900 ಇದೆ. ಒಬ್ಬ ವೆಲ್‌ನೆಸ್ ಕೋಚ್ ‘ಮಾತ್ರೆ ಬರೀ ಮೇಲಿನ ತೇಪೆ, ಮೂಲ ಹಾಗೇ ಇದೆ, ಆರು ತಿಂಗಳ ಪ್ಯಾಕೇಜಿನಲ್ಲಿ ಆಂಟಿಬಾಡಿ ಇಳಿಸಿ ಮಾತ್ರೆ ಬಿಡಿಸುತ್ತೇನೆ’ ಎನ್ನುತ್ತಾರೆ. ಸೆಲೆನಿಯಂ ಕೂಡ ಕೊಡುತ್ತಾರಂತೆ. ಸೇರಿಸಲೇ? — ಕೋಥ್ರುಡ್, ಪುಣೆಯ ಓದುಗರು

ಉ: ಬೇಡ. ಟಿಎಸ್‌ಎಚ್ 2.1, ಮನುಷ್ಯರು ಆರಾಮ. ಇದಕ್ಕಿಂತ ಇನ್ನೇನು ಬೇಕು ಹೇಳಿ?

ಆಂಟಿಬಾಡಿ ಪರೀಕ್ಷೆಯ ಕೆಲಸ ಕಾರಣ ತಿಳಿಸುವುದು. ಹಾಶಿಮೊಟೊ ಎಂದು ಒಮ್ಮೆ ಗೊತ್ತಾದ ಮೇಲೆ ಅದು 900 ಇರಲಿ 300 ಇರಲಿ, ಮಾತ್ರೆಯ ಡೋಸ್ ಅದರ ಮೇಲೆ ನಿಲ್ಲುವುದಿಲ್ಲ. ತಿಂಗಳು ತಿಂಗಳು ಆ ಪರೀಕ್ಷೆ ಮಾಡಿಸುವುದು ಲ್ಯಾಬಿನವರಿಗೆ ಲಾಭ. ಸೆಲೆನಿಯಂ ಕೊಟ್ಟರೆ ಕೆಲವರಲ್ಲಿ ಆಂಟಿಬಾಡಿ ಅಂಕಿ ಇಳಿಯುತ್ತದೆ, ಅಲ್ಲಿಗೆ ಕೋಚ್ ಹೇಳಿದ್ದು ಸುಳ್ಳಲ್ಲ. ಆದರೆ ಅಂಕಿ ಇಳಿದಿದ್ದರಿಂದ ಮಾತ್ರೆ ಬಿಟ್ಟುಹೋಗುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಹಾಳಾಗುತ್ತದೆ. ಕೂದಲು ಉಳಿಸಲು ಹೋಗಿ ಕೂದಲು ಕಳೆದುಕೊಳ್ಳಬೇಕಾ?

‘ಮಾತ್ರೆ ಬಿಡಿಸುತ್ತೇನೆ’ ಎನ್ನುವವರ ಬಗ್ಗೆ ಒಂದು ಮಾತು. ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತ ಎಷ್ಟೋ ಜನರಲ್ಲಿ ತಾನಾಗಿಯೇ ಹೋಗುತ್ತದೆ. ಸ್ವಲ್ಪ ಮಾತ್ರ ಏರಿದ್ದ ಟಿಎಸ್‌ಎಚ್ ಕೂಡ ಕೆಲವರಲ್ಲಿ ತಾನಾಗಿ ಇಳಿಯುತ್ತದೆ. ಜಾಹೀರಾತಿನಲ್ಲಿ ನಗುತ್ತಾ ನಿಂತವರು ಬಹಳ ಸಲ ಇವರೇ. ಗ್ರಂಥಿಯೇ ಸವೆದುಹೋದವರು ಮಾತ್ರೆ ಬಿಟ್ಟರೆ ಮೊದಲ ಒಂದೆರಡು ವಾರ ಏನೂ ಗೊತ್ತಾಗುವುದಿಲ್ಲ, ಆಮೇಲೆ ಸುಸ್ತು ಶುರುವಾಗುತ್ತದೆ. ಅಷ್ಟರಲ್ಲಿ ಪ್ಯಾಕೇಜಿನ ದುಡ್ಡು ಕೊಟ್ಟಾಗಿರುತ್ತದೆ.

ಪ್ರ: ನಾನು ಅಂಧೇರಿಯಲ್ಲಿ ಕ್ಯಾಂಟೀನ್ ನಡೆಸುತ್ತೇನೆ. ಊರು ಕುಂದಾಪುರದ ಹತ್ತಿರ. ವಯಸ್ಸು 52. ಕೊಲೆಸ್ಟರಾಲ್ ಜಾಸ್ತಿ ಎಂದು ಮಾತ್ರೆ ಕೊಟ್ಟರು, ಅದು ಶುರುವಾದ ಮೇಲೆ ತೊಡೆ, ಮೀನಖಂಡ ಎಲ್ಲ ನೋವು. ಧ್ವನಿ ಒರಟಾಗಿದೆ, ಗೊರಕೆ ಜೋರು ಎಂದು ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಗಲ್ಲಾದಲ್ಲಿ ಕೂತಲ್ಲೇ ತೂಕಡಿಕೆ. ಎಲ್ಲ ವಯಸ್ಸಾದದ್ದಕ್ಕೆ ಎಂದುಕೊಂಡಿದ್ದೆ. ಈಗ ಟಿಎಸ್‌ಎಚ್ 64 ಬಂದಿದೆ. ಇದು ಹೆಂಗಸರ ಕಾಯಿಲೆ ಅಲ್ವಾ ಡಾಕ್ಟ್ರೇ?

ಉ: ಹೆಂಗಸರಲ್ಲಿ ಹಲವು ಪಟ್ಟು ಜಾಸ್ತಿ, ಅಷ್ಟೇ. ಗಂಡಸರಿಗೆ ಬರುವುದಿಲ್ಲ ಎಂದಿಲ್ಲ. ಬಂದಾಗ ಯಾರಿಗೂ ಹೊಳೆಯುವುದಿಲ್ಲ, ಹಾಗಾಗಿ ನಿಮ್ಮ ಹಾಗೆ 64 ಆಗುವವರೆಗೂ ಹೋಗುತ್ತದೆ.

ನನ್ನ ಮುಲುಂಡ್‌ನ ಕನ್ಸಲ್ಟಿಂಗ್ ರೂಮಿನಲ್ಲಿ ಒಂದು ಹಳೆಯ ಮರದ ಕುರ್ಚಿ ಇದೆ. ಇಂಥ ಅನುಮಾನ ಬಂದಾಗ ರೋಗಿಯನ್ನು ಅದರ ಮೇಲೆ ಮೊಣಕಾಲೂರಿ, ಗೋಡೆಯ ಕಡೆ ಮುಖ ಮಾಡಿ ಕೂರಿಸುತ್ತೇನೆ. ಪಾದಗಳು ಅಂಚಿನಿಂದ ಆಚೆ ಸಡಿಲವಾಗಿ ಜೋತಿರಬೇಕು. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ಎಲ್ಲರ ಪಾದವೂ ಚಟ್ಟನೆ ಒದೆಯುತ್ತದೆ, ಚಟ್ಟನೆ ವಾಪಸ್ಸು ಬರುತ್ತದೆ. ಥೈರಾಯ್ಡ್ ತುಂಬ ಕಡಿಮೆಯಾದವರಲ್ಲಿ ಒದೆಯುವುದೇನೋ ಆಗುತ್ತದೆ, ವಾಪಸ್ಸು ಬರುವಾಗ ಮಾತ್ರ ಸೋಮಾರಿಯಾಗಿ, ಮನಸ್ಸಿಲ್ಲದ ಹಾಗೆ ಬರುತ್ತದೆ. ಲ್ಯಾಬ್ ರಿಪೋರ್ಟ್ ಸಂಜೆ ಬರಬೇಕು, ಇದು ಅಲ್ಲೇ ಕಾಣುತ್ತದೆ. ಎಷ್ಟು ನೋಡಿದರೂ ನನಗೆ ಇದು ಬೇಸರ ಬಂದಿಲ್ಲ.

ನಿಮ್ಮ ಕೊಲೆಸ್ಟರಾಲ್ ಕಥೆಗೂ ಥೈರಾಯ್ಡಿಗೂ ನೇರ ಸಂಬಂಧ ಇದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಎತ್ತಿಕೊಳ್ಳುವುದು ಕಡಿಮೆಯಾಗುತ್ತದೆ, ಅದು ರಕ್ತದಲ್ಲೇ ಉಳಿಯುತ್ತದೆ. ಸ್ನಾಯುಗಳೂ ಸೊರಗಿರುತ್ತವೆ. ಅಂಥ ಹೊತ್ತಿನಲ್ಲಿ ಸ್ಟ್ಯಾಟಿನ್ ಗುಂಪಿನ ಕೊಲೆಸ್ಟರಾಲ್ ಮಾತ್ರೆ ಬಿದ್ದರೆ ಸ್ನಾಯು ನೋವಿನ ಸಾಧ್ಯತೆ ಹೆಚ್ಚು. ನಿಮ್ಮ ಡಾಕ್ಟರ ಹತ್ತಿರ ಹೋಗಿ ಎರಡು ಮಾತು ಕೇಳಿ: ಸಿಕೆ ಎಂಬ ಸ್ನಾಯುವಿನ ಪರೀಕ್ಷೆ ಮಾಡಬೇಕೇ, ಥೈರಾಯ್ಡ್ ಸರಿಯಾಗುವವರೆಗೆ ಸ್ಟ್ಯಾಟಿನ್ ನಿಲ್ಲಿಸಬಹುದೇ. ಮೂತ್ರ ಕಪ್ಪಗೆ ಕೋಕಂ ಬಣ್ಣಕ್ಕೆ ತಿರುಗಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಹೋಗಿ. ಹೃದಯದ ತೊಂದರೆ ಮೊದಲೇ ಇದ್ದವರು ಸ್ಟ್ಯಾಟಿನನ್ನು ತಾವಾಗಿಯೇ ಬಿಡಬಾರದು. ಥೈರಾಯ್ಡ್ ಸರಿಯಾದ ಮೇಲೆ ಕೊಲೆಸ್ಟರಾಲ್ ಮತ್ತೆ ಅಳೆದು ನೋಡಿದರೆ ಎಷ್ಟು ನಿಜವಾಗಿ ನಿಮ್ಮದು, ಎಷ್ಟು ಥೈರಾಯ್ಡಿನದು ಎಂದು ತಿಳಿಯುತ್ತದೆ.

ಇನ್ನೊಂದು. 64 ನೋಡಿ ಗಾಬರಿಯಾಗಿ ಒಂದೇ ಸಲ ದೊಡ್ಡ ಡೋಸ್ ಬೇಡಿ. 50 ದಾಟಿದವರಿಗೆ, ಅದರಲ್ಲೂ ಎದೆ ನೋವು ಇದ್ದವರಿಗೆ, ಇಸಿಜಿ ನೋಡಿ ಚಿಕ್ಕ ಡೋಸಿನಿಂದ ಏರಿಸುವುದು ಕ್ರಮ. ಎಷ್ಟೋ ದಿನ ನಿಧಾನಕ್ಕೆ ಬಡಿದ ಹೃದಯಕ್ಕೆ ಒಮ್ಮೆಲೇ ಓಡು ಎಂದರೆ ಕಷ್ಟ. ಗೊರಕೆ ಮತ್ತು ತೂಕಡಿಕೆ ಮೂರು ತಿಂಗಳಾದ ಮೇಲೂ ಉಳಿದರೆ ಸ್ಲೀಪ್ ಅಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಗೆ, ಪರೀಕ್ಷೆ ಮಾಡಿಸಿ. ಮನೆಯವರನ್ನು ಬೇರೆ ಕೋಣೆಗೆ ಓಡಿಸಿದ್ದು ಅದೇ ಇರಬಹುದು. ತೂಕವನ್ನೂ ಪೂರ್ತಿ ಥೈರಾಯ್ಡಿನ ಮೇಲೆ ಹಾಕಬೇಡಿ. ಅದರಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಉಳಿದದ್ದು ಕ್ಯಾಂಟೀನಿನ ಬನ್ಸ್ ಮತ್ತು ಗೋಳಿಬಜೆ.

ಪ್ರ: ಮಗಳಿಗೆ ಹೋದ ವರ್ಷ ಮದುವೆಯಾಯಿತು, ಥಾಣೆಯಲ್ಲಿದ್ದಾಳೆ. ಟಿಎಸ್‌ಎಚ್ 3.1, ಆಂಟಿ ಟಿಪಿಒ ಪಾಸಿಟಿವ್. ಮಗು ಬೇಕೆಂದಿದ್ದಾರೆ. ಈಗಲೇ ಮಾತ್ರೆ ಶುರು ಮಾಡಬೇಕೇ? ಮಗುವಿಗೆ ಬರುತ್ತದೆಯೇ? ಬೀಗಿತ್ತಿಗೆ ಹೇಳಲು ಹೆದರಿಕೆ.

ಉ: ಬೀಗಿತ್ತಿಯ ವಿಷಯ ಕೊನೆಗೆ ಹೇಳುತ್ತೇನೆ.

3.1 ಇದ್ದರೆ ಗರ್ಭ ಧರಿಸುವ ಮೊದಲೇ ಮಾತ್ರೆ ಬೇಕೆಂದಿಲ್ಲ. ಥೈರಾಯ್ಡ್ ಸರಿ ಇದ್ದು ಆಂಟಿಬಾಡಿ ಮಾತ್ರ ಇರುವ ಹೆಂಗಸರಿಗೆ ಮೊದಲೇ 50 ಮೈಕ್ರೋಗ್ರಾಂ ಕೊಟ್ಟು ನೋಡಿದ ಬ್ರಿಟನ್ನಿನ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾತ್ರೆ ತಗೊಂಡವರಿಗೂ ತಗೊಳ್ಳದವರಿಗೂ ಮಗು ಉಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಟ್ಟು ನಿಂತ ಕೂಡಲೇ ಪರೀಕ್ಷೆ ಮಾಡಿಸಿ, ಗರ್ಭ ಖಚಿತವಾದ ಆ ವಾರವೇ ಟಿಎಸ್‌ಎಚ್ ನೋಡಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ, ತಾಯಿಯ ಹಾರ್ಮೋನೇ ಗತಿ. ಅದಕ್ಕೆ ತಾಯಿಯ ಗ್ರಂಥಿ ಜಾಸ್ತಿ ದುಡಿಯಬೇಕು. ಹಾಶಿಮೊಟೊ ತಾಗಿದ ಗ್ರಂಥಿಗೆ ಆ ತಾಕತ್ತು ಇರುವುದಿಲ್ಲ. ಆಗ ಟಿಎಸ್‌ಎಚ್ 2.5 ದಾಟಿದರೆ ಚಿಕ್ಕ ಡೋಸ್ ಬಗ್ಗೆ ಡಾಕ್ಟರು ಯೋಚಿಸುತ್ತಾರೆ, 4 ದಾಟಿದರೆ ಕೊಡಲೇಬೇಕು. ಅರ್ಧ ಗರ್ಭ ಕಳೆಯುವವರೆಗೆ ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಿಸಿ.

ಈಗಾಗಲೇ ಮಾತ್ರೆಯಲ್ಲಿರುವ ಓದುಗರೂ ಇದನ್ನು ಓದುತ್ತಿರುತ್ತೀರಿ. ನಿಮಗೆ ಗರ್ಭ ನಿಂತಾಗ ಡೋಸ್ ಸುಮಾರು ಕಾಲು ಭಾಗ ಏರಬೇಕಾಗುತ್ತದೆ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎನ್ನುವುದು ಸುಲಭದ ಲೆಕ್ಕ. ಮೊದಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಂಡರೆ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಕಾಯಬೇಕಾಗುವುದಿಲ್ಲ. ‘ಬಸುರಿಯಾಗಿ ಮಾತ್ರೆ ಯಾಕೆ’ ಎಂದು ಹಿರಿಯರು ಹೇಳಿದ್ದಕ್ಕೆ ನಿಲ್ಲಿಸಿ ಬಂದವರನ್ನು ನೋಡಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ. ಹಾಲೂಡಿಸುವಾಗಲೂ ತಗೊಳ್ಳಬಹುದು.

ಹೆರಿಗೆಯ ಮೇಲೆ ನಿಮ್ಮ ಮಗಳ ಮೇಲೆ ಒಂದು ಕಣ್ಣಿರಲಿ. ಆಂಟಿಬಾಡಿ ಇರುವ ಬಾಣಂತಿಯರಲ್ಲಿ ಕಡಿಮೆಯೆಂದರೂ ಮೂವರಿಗೊಬ್ಬರಿಗೆ ಮೊದಲ ವರ್ಷದೊಳಗೆ ಥೈರಾಯ್ಡ್ ಏರುಪೇರಾಗುತ್ತದೆ. ಮೊದಲು ಹಾರ್ಮೋನು ಜಾಸ್ತಿಯಾಗಿ ಎದೆಬಡಿತ, ಸಿಡುಕು. ಕೆಲವು ತಿಂಗಳಿಗೆ ಕಡಿಮೆಯಾಗಿ ಸುಸ್ತು, ಅಳು, ಯಾವುದರಲ್ಲೂ ಮನಸ್ಸಿಲ್ಲ. ‘ರಾತ್ರಿ ನಿದ್ದೆ ಇಲ್ಲ, ಹಾಗಿರುತ್ತದೆ’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಬಾಣಂತನಕ್ಕೆ ನಿಮ್ಮಲ್ಲಿಗೇ ಬರುತ್ತಾಳಲ್ಲ, ಆಗ ಒಂದು ಟಿಎಸ್‌ಎಚ್ ಮಾಡಿಸಿ.

ಮಗುವಿಗೆ ಬರುತ್ತದೆಯೇ ಎಂದರೆ, ಮನೆತನದಲ್ಲಿ ಹರಿಯುವ ಗುಣ ಇದಕ್ಕೆ ಇದೆ, ಬಂದೇ ಬರುತ್ತದೆ ಎಂದೇನಿಲ್ಲ. ಬೀಗಿತ್ತಿಗೆ ಹೇಳಬೇಕೋ ಬೇಡವೋ ಮಗಳು ಅಳಿಯ ತೀರ್ಮಾನಿಸಲಿ. ಆ ವಯಸ್ಸಿನ ಹೆಂಗಸರಲ್ಲಿ ಎಷ್ಟು ಜನರ ಕಪಾಟಿನಲ್ಲಿ ಈ ಬಾಟಲಿ ಇದೆ ಎಂದರೆ, ಬೀಗಿತ್ತಿಯೇ ತನ್ನದೊಂದನ್ನು ತೆಗೆದು ತೋರಿಸಿದರೂ ಆಶ್ಚರ್ಯಪಡಬೇಡಿ.

ಪ್ರ: ನನಗೆ 76. ಮಾಟುಂಗಾದಲ್ಲಿ ಇದ್ದೇನೆ, ದಿನಾ ಮಾರ್ಕೆಟಿಗೆ ನಾನೇ ಹೋಗಿ ಬರುತ್ತೇನೆ. ಟಿಎಸ್‌ಎಚ್ 6.4, ಟಿ4 ಸರಿ ಇದೆ. ಮಗ ಮಾತ್ರೆ ಶುರು ಮಾಡಲೇಬೇಕು ಎನ್ನುತ್ತಾನೆ.

ಉ: ಅಮ್ಮಾ, ಮಾರ್ಕೆಟಿಗೆ ಹೋಗುತ್ತಿರಿ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿ ಸ್ವಲ್ಪ ಏರುತ್ತದೆ. 65 ದಾಟಿದ, ನಿಮ್ಮ ಹಾಗೆ ಟಿಎಸ್‌ಎಚ್ ಮಾತ್ರ ಏರಿದ 737 ಜನರ ಮೇಲೆ ಯುರೋಪಿನಲ್ಲಿ ಒಂದು ಅಧ್ಯಯನ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಮಾತ್ರೆ ತಗೊಂಡವರ ಸುಸ್ತು ತಗೊಳ್ಳದವರಿಗಿಂತ ಕಡಿಮೆಯೇನೂ ಆಗಲಿಲ್ಲ. ಈ ವಯಸ್ಸಿನಲ್ಲಿ ಮಾತ್ರೆ ಜಾಸ್ತಿಯಾದರೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಎರಡು ಮೂರು ತಿಂಗಳು ಬಿಟ್ಟು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. 10 ದಾಟಿದರೆ ಮಾತಾಡೋಣ. ಮಗನಿಗೆ ಈ ಪುಟ ತೋರಿಸಿ.

ಪ್ರ: ಮೂರು ವರ್ಷದಿಂದ 75ರ ಮಾತ್ರೆ, ಎಲ್ಲ ಸರಿ ಇತ್ತು. ಈ ಸಲ ಟಿಎಸ್‌ಎಚ್ ದಿಢೀರ್ 0.08, ಟಿ4 ಜಾಸ್ತಿ. ಆದರೆ ನನಗೆ ಏನೂ ಆಗಿಲ್ಲ. ಹೊಸದೆಂದರೆ ಕೂದಲಿಗೆ ಒಂದು ಗಮ್ಮಿ ತಿನ್ನುತ್ತಿದ್ದೇನೆ. — ಕಾಲೇಜು ಹುಡುಗಿ, ವಾಶಿ

ಉ: ಜಾಣೆ, ಉತ್ತರ ನೀನೇ ಬರೆದಿದ್ದೀಯ. ಗಮ್ಮಿ ಡಬ್ಬದ ಹಿಂದೆ ಬಯೋಟಿನ್ ಎಂಬ ವಿಟಮಿನ್ನಿನ ಹೆಸರು ಇದೆಯಾ ನೋಡು. ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5,000, 10,000 ಹೀಗೆಲ್ಲ ಇರುತ್ತದೆ. ಹಲವು ಲ್ಯಾಬ್ ಯಂತ್ರಗಳ ಪರೀಕ್ಷೆಯಲ್ಲೇ ಬಯೋಟಿನ್ ಬಳಸುವುದರಿಂದ ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಗಮ್ಮಿ ನಿಲ್ಲಿಸಿ ಕನಿಷ್ಠ ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡು. ಅಲ್ಲಿಯವರೆಗೆ ಯಾರು ಹೇಳಿದರೂ ಡೋಸ್ ಇಳಿಸಬೇಡ.

ಪ್ರ: ಮೇ ತಿಂಗಳಲ್ಲಿ ಮತ್ಸ್ಯಗಂಧದಲ್ಲಿ ಊರಿಗೆ ಹೋದಾಗ ಮಾತ್ರೆ ಮರೆತೆ. ಹತ್ತು ದಿನ ಇಲ್ಲ. ಏನಾದರೂ ಆಗಿರಬಹುದೇ? ಊರಿನ ಮೆಡಿಕಲ್‌ನಲ್ಲಿ ಬೇರೆ ಕಂಪನಿಯದು ಇತ್ತು, ಹೆದರಿ ತಗೊಳ್ಳಲಿಲ್ಲ. ಮಳೆಗಾಲದಲ್ಲಿ ಮಾತ್ರೆ ಮೆತ್ತಗಾಗುತ್ತದೆ, ಅದಕ್ಕೆ ಫ್ರಿಜ್ಜಿನಲ್ಲಿ ಇಡಲೇ?

ಉ: ಏನೂ ಆಗಿರುವುದಿಲ್ಲ. ಮಾತ್ರೆ ಬಿಟ್ಟು ಒಂದು ವಾರವಾದರೂ ಹಾರ್ಮೋನು ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಮಾಮೂಲಿ ಡೋಸ್ ಮುಂದುವರಿಸಿ, ಹತ್ತು ದಿನದ್ದನ್ನು ಒಟ್ಟಿಗೆ ನುಂಗುವ ಸಾಹಸ ಬೇಡ. ಒಂದು ದಿನ ಮರೆತರೆ ಮರುದಿನ ಎರಡು ತಗೊಳ್ಳಬಹುದು, ಹೃದಯದ ತೊಂದರೆ ಇರುವವರು ಅದೂ ಬೇಡ. ಬೇರೆ ಕಂಪನಿಯದನ್ನು ಆ ಹತ್ತು ದಿನಕ್ಕೆ ಧಾರಾಳವಾಗಿ ತಗೊಳ್ಳಬಹುದಿತ್ತು, ಮೈಕ್ರೋಗ್ರಾಂ ಅದೇ ಇದ್ದರಾಯಿತು. ತಿಂಗಳಿಗೊಂದು ಕಂಪನಿ ಬದಲಾಯಿಸುತ್ತ ಹೋಗುವುದು ಮಾತ್ರ ಸರಿಯಲ್ಲ, ಟಿಎಸ್‌ಎಚ್ ಓಲಾಡುತ್ತದೆ. ಬಸುರಿಯರು ಮಾತ್ರೆ ತಪ್ಪಿಸಲೇಬಾರದು.

ಫ್ರಿಜ್ ಬೇಡ. ಬಂದ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿ ಮಾಡಿ, ಒಳಗಿನ ಪುಟ್ಟ ಪುಡಿಯ ಪೊಟ್ಟಣ ಎಸೆಯಬೇಡಿ. ಗ್ಯಾಸ್ ಒಲೆಯ ಮೇಲಿನ ಶೆಲ್ಫು, ಬಾತ್‌ರೂಮಿನ ಕನ್ನಡಿಯ ಹಿಂದಿನ ಗೂಡು ಎರಡೂ ಕೆಟ್ಟ ಜಾಗ. ಬೆಡ್‌ರೂಮಿನ ಬೀರು ಒಳ್ಳೆಯದು. ಮೆತ್ತಗಾದ ಮಾತ್ರೆ ಬಿಸಾಡಿ, ಇದರ ಬೆಲೆ ಅಷ್ಟೇನಿಲ್ಲ.

ಮುಂದಿನ ಸಲ ಥೈರಾಯ್ಡ್ ಬಗ್ಗೆ ಬರೆಯುವವರು ರಿಪೋರ್ಟಿನ ಅಂಕಿಯ ಜೊತೆ ನಿಮ್ಮ ವಯಸ್ಸು, ತೂಕ, ಮಾತ್ರೆ ಎಷ್ಟರದ್ದು, ಎಷ್ಟು ಹೊತ್ತಿಗೆ, ಅದರ ಆಚೀಚೆ ಏನು ತಿನ್ನುತ್ತೀರಿ, ಬೇರೆ ಯಾವ ಔಷಧಿ ಇದೆ ಎಂದು ಬರೆಯಿರಿ. ಅಸಿಡಿಟಿ ಮಾತ್ರೆಯನ್ನೂ ಮರೆಯಬೇಡಿ, ಅದೂ ಥೈರಾಕ್ಸಿನ್ ಸೇರುವುದನ್ನು ತಗ್ಗಿಸುತ್ತದೆ. ಬರೀ ರಿಪೋರ್ಟಿನ ಫೋಟೋ ಕಳಿಸಿ ‘ಏನು ಮಾಡಲಿ’ ಎಂದರೆ ನನಗೂ ಏನೂ ತೋಚುವುದಿಲ್ಲ.